ಹಳದಿ ಕವರು ಮತ್ತು ಎರಡು ಸಮುದ್ರ

ಮೊದಲ ದಿನ: ಶಿವಮೊಗ್ಗದಿಂದ ತೀರ್ಥಹಳ್ಳಿ

ನನ್ನ ಭಾವನಿಗೆ ಶಿವಮೊಗ್ಗದಲ್ಲಿ ಗುಜರಿ ಅಂಗಡಿ. ಅವರ ಜೊತೆ ಪ್ರವಾಸ ಹೋದರೆ ನಾವು ಗುಡ್ಡ ನೋಡುತ್ತೇವೆ, ಅವರು ಗುಡ್ಡದ ಬುಡದ ಕಸ ನೋಡುತ್ತಾರೆ. "ಅಷ್ಟು ಹಾಲಿನ ಕವರ್ ಸುಮ್ನೆ ಬಿದ್ದಿದೆ ನೋಡು ಮಾರಾಯ" ಎಂದು ಗಾಡಿ ನಿಧಾನ ಮಾಡುತ್ತಾರೆ. ದಸರಾ ರಜೆ ಮುಗಿಯುವ ಮುಂಚೆ ನಾಲ್ಕು ದಿನ ಬಿಡುವು ಸಿಕ್ಕಿತ್ತು. ತುಂಗೆಯ ದಡದಲ್ಲೇ ತೀರ್ಥಹಳ್ಳಿಗೆ ಹೋಗುವುದು, ಶರಾವತಿ ಹುಟ್ಟುವ ಜಾಗ ನೋಡುವುದು, ಆಮೇಲೆ ಆ ಹೊಳೆಯ ಜೊತೆಗೇ ಹೊನ್ನಾವರಕ್ಕೆ ಇಳಿಯುವುದು ಅಂತ ಲೆಕ್ಕ. ಭಾವನ ಹಳೇ ಓಮ್ನಿ, ಎರಡು ಛತ್ರಿ, ನನ್ನ ಹೆಂಡತಿ ಕಟ್ಟಿಕೊಟ್ಟ ಚಕ್ಕುಲಿ. ಚಕ್ಕುಲಿ ಇದ್ದದ್ದು ಹಬ್ಬದ ಸೀರೆ ತಂದಿದ್ದ ಜವಳಿ ಅಂಗಡಿಯ ಹಳದಿ ಕವರಿನಲ್ಲಿ. ಸ್ಟೀಲ್ ಡಬ್ಬಿ ಯಾಕೆ, ಭಾರ ಅಂತ ಬೇಡ ಅಂದವನು ನಾನೇ.

ಊರು ಬಿಡುವಾಗ ಕೋರ್ಪಲಯ್ಯನ ಛತ್ರದ ಹತ್ತಿರ ಐದು ನಿಮಿಷ ನಿಂತೆವು. ಇಲ್ಲಿನ ಕಲ್ಲು ಮಂಟಪ ಮುಳುಗಿತು ಅಂದರೆ ಶಿವಮೊಗ್ಗದವರಿಗೆ ಹೊಳೆ ತುಂಬಿದ ಲೆಕ್ಕ. ಪ್ರತಿ ಮಳೆಗಾಲದಲ್ಲೂ ಜನ ಬಂದು ನೋಡಿ ಹೋಗುತ್ತಾರೆ. ಈಗ ನೀರು ಇಳಿದಿತ್ತು. ಮಂಟಪದ ಕಂಬಕ್ಕೆ ಬಿದಿರು ಕಡ್ಡಿ, ಬಾಳೆ ದಿಂಡು, ಒಂಟಿ ಚಪ್ಪಲಿ, ಬಿಳಿ ಕವರಿನ ಚಿಂದಿ ಎಲ್ಲ ಒಟ್ಟಿಗೆ ಸುತ್ತಿಕೊಂಡಿದ್ದವು.

ಗಾಜನೂರು, ಸಕ್ರೆಬೈಲು ದಾಟಿದ ಮೇಲೆ ರಸ್ತೆಗೂ ಹೊಳೆಗೂ ನಡುವೆ ಬರೀ ಮರಗಳು. ಬಿಸಿಲೂ ಮಳೆಯೂ ಒಟ್ಟಿಗೆ ಬರುತ್ತಿದ್ದ ದಿನ. ಮಂಡಗದ್ದೆಯಲ್ಲಿ ಇಳಿದೆವು. ಶಿವಮೊಗ್ಗದಿಂದ ಸುಮಾರು ಮೂವತ್ತು ಕಿಲೋಮೀಟರು ಅಷ್ಟೆ, ಆದರೂ ನಾನು ನಿಂತು ನೋಡಿದ್ದು ಕಡಿಮೆ. ಹೊಳೆ ಮಧ್ಯದ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ. ಮರಿಗಳು ದೊಡ್ಡವಾಗಿದ್ದವು. ಮಳೆಗಾಲದಲ್ಲಿ ಬಂದರೆ ಮರವೇ ಬೆಳ್ಳಗೆ ಕಾಣುತ್ತದಂತೆ. ಅಕ್ಟೋಬರಿಗೆ ಬಂದ ನಮಗೆ ಉಳಿದ ಹಕ್ಕಿ ಸಿಕ್ಕಿತು. ನೋಡುವವರು ಸ್ವಲ್ಪ ಬೇಗ ಹೋಗಿ.

ಹಕ್ಕಿ ನೋಡುತ್ತಾ ಚಕ್ಕುಲಿ ತಿಂದು ಮುಗಿಸಿದೆವು. ಖಾಲಿ ಕವರನ್ನು ಮಡಚಿ ಜೇಬಿಗೆ ಹಾಕಬೇಕು ಅನ್ನುವಷ್ಟರಲ್ಲಿ ಒಂದು ಗಾಳಿ ಬಂತು. ಕವರು ಎದ್ದಿತು. ಭಾವ ಅದರ ಹಿಂದೆ ಓಡಿದರು, ಕೆಸರಿನಲ್ಲಿ ಜಾರಿ ಕೂತರು. ಕವರು ಬೇಲಿ ದಾಟಿ, ಒಂದು ಪೊದೆಗೆ ಸಿಕ್ಕಿ, ನನಗೆ ಆಸೆ ಹುಟ್ಟಿಸಿ, ಮತ್ತೆ ಎದ್ದು ನೀರಿನ ಮೇಲೆ ಕೂತಿತು. ಗಾಳಿ ತುಂಬಿ ಪುಟ್ಟ ದೋಣಿಯ ಹಾಗೆ ಆರಾಮಾಗಿ ಕೆಳಗೆ ಹೊರಟಿತು.

ರಸ್ತೆ ಬದಿ ಟೀ ಮಾಡುತ್ತಿದ್ದ ಹೆಂಗಸು ಇದನ್ನೆಲ್ಲ ನೋಡಿದ್ದರು. "ಬಿಡಿ ಅಣ್ಣ, ಅದೊಂದೇನಾ ಹೋಗದು ಹೊಳೇಲಿ" ಎಂದು ಭಾವನ ಪ್ಯಾಂಟಿಗೆ ಒಂದು ಚೊಂಬು ನೀರು ಕೊಟ್ಟರು.

ಮುಂದಿನ ದಾರಿಯುದ್ದಕ್ಕೂ ಆ ಕವರಿನದೇ ಮಾತು. ಅದು ಎಲ್ಲಿಗೆ ಹೋಗುತ್ತದೆ? ಮೊದಲು ಗಾಜನೂರು ಡ್ಯಾಮು. ಅದನ್ನು ದಾಟಿದರೆ ಶಿವಮೊಗ್ಗ, ಕೂಡ್ಲಿ. ಅಲ್ಲಿ ಭದ್ರೆ ಸೇರುತ್ತಾಳೆ. ಆಮೇಲೆ ಹೊಸಪೇಟೆ ಡ್ಯಾಮು. ಅಲ್ಲಿಂದ ಕೃಷ್ಣೆ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬ್ಯಾರೇಜು. ಎಲ್ಲ ದಾಟಿದರೆ ಬಂಗಾಳ ಕೊಲ್ಲಿ. "ಅಷ್ಟು ಡ್ಯಾಮು ದಾಟೋಕೆ ಅದೇನು ಸಾಲ್ಮನ್ ಮೀನಾ" ಎಂದೆ. ಭಾವ ನಗಲಿಲ್ಲ. ಪ್ಯಾಂಟು ಒದ್ದೆಯಿತ್ತು.

ಎರಡನೇ ದಿನ: ಹೊಳೆ ಬದಲಾದ ದಿನ

ಬೆಳಿಗ್ಗೆ ತೀರ್ಥಹಳ್ಳಿಯ ಒಂದು ಸಣ್ಣ ಹೋಟೆಲಿನಲ್ಲಿ ಕಡುಬು, ಕಾಯಿ ಚಟ್ನಿ. ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಹಬೆಯಾಡುವುದು ಸಿಗುತ್ತದೆ, ಎಂಟೂವರೆ ಮೇಲೆ ಇಡ್ಲಿ ಮಾತ್ರ. ಆಮೇಲೆ ರಾಮತೀರ್ಥಕ್ಕೆ ಇಳಿದೆವು. ಪರಶುರಾಮ ಕೊಡಲಿ ತೊಳೆದ ಜಾಗ ಅಂತ ಪ್ರತೀತಿ. ಎಳ್ಳಮಾವಾಸ್ಯೆ ಜಾತ್ರೆಗೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆವತ್ತು ನಾವಿಬ್ಬರು, ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜ.

ಬಂಡೆಯ ಸಂದಿಗಳಲ್ಲಿ ಶಾಂಪೂ ಸ್ಯಾಚೆಟ್ಟುಗಳು, ಗುಟ್ಕಾ ಸ್ಯಾಚೆಟ್ಟುಗಳು. ದಡದ ಗಿಡಗಳಲ್ಲಿ ನನ್ನ ತಲೆಗಿಂತ ಒಂದು ಮೊಳ ಮೇಲೆ ಕವರಿನ ಚಿಂದಿಗಳು ನೇತಾಡುತ್ತಿದ್ದವು. ಅಷ್ಟು ಎತ್ತರಕ್ಕೆ ಯಾರು ಕಟ್ಟಿದರು ಅಂತ ಕ್ಷಣ ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು, ನೆರೆ ಬಂದಾಗ ನೀರು ಅಲ್ಲಿತ್ತು.

"ಎಲ್ಲ ಹೊಸ ನೀರಿಗೆ ಬರೋದು" ಅಂದರು ಅಜ್ಜ. ಜೂನಿನಲ್ಲಿ ಮೊದಲ ಜೋರು ಮಳೆಗೆ ಹೊಳೆ ಕೆಂಪಾಗುತ್ತದಲ್ಲ, ಅದು ಹೊಸ ನೀರು. ಮಳೆಯಿಲ್ಲದ ಏಳೆಂಟು ತಿಂಗಳು ಚರಂಡಿ, ಮೋರಿ, ಹಳ್ಳಗಳಲ್ಲಿ ಬಿದ್ದದ್ದೆಲ್ಲ ಒಂದೇ ವಾರದಲ್ಲಿ ಎದ್ದು ಬರುತ್ತದೆ. ಆ ನೀರಿಗೆ ಎದುರು ಹತ್ತಿ ಬರುವ ಮೀನು ಹಿಡಿಯಲು ಇಡುವ ಬಿದಿರಿನ ಬುಟ್ಟಿಗೆ ಕೂಣಿ ಎನ್ನುತ್ತಾರೆ. "ಮುಂಚೆ ಹತ್ತುಮೀನಿಗೆ ಕೂಣಿ ಇಟ್ರೆ ಬೆಳಿಗ್ಗೆ ಮೀನು ಇರ್ತಿತ್ತು. ಈಗ ಕೂಣಿ ಬಾಯಿಗೇ ಕವರ್ ಬಡ್ಕೊಂಡು ಕೂತಿರುತ್ತೆ. ನೀರೇ ಹೋಗಲ್ಲ, ಮೀನೆಲ್ಲಿಂದ ಹೋಗುತ್ತೆ?"

ಹೊಳೆಗೆ ಯಾರೂ ಬಂದು ಕಸ ಸುರಿಯಬೇಕಿಲ್ಲ ಅನ್ನುವುದು ನನಗೆ ಅರ್ಥವಾದದ್ದು ಅಲ್ಲಿ. ರಸ್ತೆ ಪಕ್ಕದ ಮೋರಿಯಲ್ಲಿ ಹಾಕಿದರೆ ಸಾಕು. ಉಳಿದದ್ದು ಮಳೆ ನೋಡಿಕೊಳ್ಳುತ್ತದೆ.

ಗುಟ್ಕಾ ಸ್ಯಾಚೆಟ್ಟನ್ನು ಕಾಲಿನಲ್ಲಿ ತಿರುಗಿಸುತ್ತಾ ಭಾವ ಹೇಳಿದರು: "ನಮ್ಮ ಅಡಿಕೆ ಉತ್ತರದ ಕಡೆ ಹೋಗಿ, ಪುಡಿಯಾಗಿ, ಇದರೊಳಗೆ ಕೂತು ವಾಪಸ್ ಬರುತ್ತೆ ನೋಡು." 2016ರ ಕೇಂದ್ರದ ನಿಯಮದ ಪ್ರಕಾರ ಗುಟ್ಕಾ, ತಂಬಾಕು, ಪಾನ್ ಮಸಾಲಾವನ್ನು ಪ್ಲಾಸ್ಟಿಕ್ ಸ್ಯಾಚೆಟ್ಟಿನಲ್ಲಿ ಮಾರುವಂತೆಯೇ ಇಲ್ಲ. ಬಂಡೆಗಳಿಗೆ ಈ ವಿಷಯ ಇನ್ನೂ ತಲುಪಿಲ್ಲ.

ಅಲ್ಲಿಂದ ಛಿಬ್ಬಲಗುಡ್ಡೆ. ತುಂಗೆಯ ಮೀನುಗಳಿಗೆ ಇಲ್ಲಿ ದೇವರ ಕಾವಲು, ಯಾರೂ ಹಿಡಿಯುವುದಿಲ್ಲ. ಮಂಡಕ್ಕಿ ಹಾಕಿದರೆ ನೀರು ಕುದಿಯುವ ಹಾಗೆ ಮೇಲೆ ಬರುತ್ತವೆ. ನಮ್ಮ ಪಕ್ಕದಲ್ಲಿದ್ದ ಹುಡುಗನೊಬ್ಬನ ಕೈಯಿಂದ ಮಂಡಕ್ಕಿ ಜೊತೆ ಕವರೂ ಬಿತ್ತು. ಒಂದು ಮೀನು ಅದನ್ನು ಬಾಯಲ್ಲಿ ಎಳೆದು ನೋಡಿತು, ಬಿಟ್ಟಿತು. ಇನ್ನೊಂದು ಎಳೆಯಿತು. ಹುಡುಗನ ಅಮ್ಮ ಅವನ ಬೆನ್ನಿಗೆ ಒಂದು ಕೊಟ್ಟರು. ಭಾವ ನನ್ನ ಛತ್ರಿಯ ಕೊಕ್ಕೆಯಿಂದ ಕವರನ್ನು ಎಳೆದುಕೊಂಡರು. ನಿನ್ನೆ ಹೋದದ್ದಕ್ಕೆ ಇದು ಜಮಾ ಎಂದರು.

ಮಧ್ಯಾಹ್ನದ ಮೇಲೆ ಅಂಬುತೀರ್ಥ. ಶರಾವತಿ ಹುಟ್ಟುವ ಜಾಗ, ಇದೂ ತೀರ್ಥಹಳ್ಳಿ ತಾಲೂಕೇ. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ನೀರು ತರಿಸಿದ ಅಂತ ಕತೆ, ಅದಕ್ಕೇ ಶರಾವತಿ. ಮುಂದೆ ಜೋಗದಲ್ಲಿ ಅಷ್ಟು ಗಲಾಟೆ ಮಾಡುವ ಹೊಳೆ ಇಲ್ಲಿ ಒಂದು ಪುಟ್ಟ ಕೊಳ. ನನ್ನ ಕಾಲಿಗೆ ಎರಡು ಉಂಬಳ, ಅದೇ ಜಿಗಣೆ, ಹತ್ತಿದ್ದವು. ಸುಣ್ಣ ಇಟ್ಟುಕೊಂಡು ಹೋಗಿ, ಹಚ್ಚಿದರೆ ಬಿಡುತ್ತದೆ.

ನನಗೆ ಅಲ್ಲಿ ಹಿಡಿಸಿದ್ದು ಬೇರೆ. ಬೆಳಿಗ್ಗೆ ನೋಡಿದ ತುಂಗೆ ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಅದೇ ತಾಲೂಕಿನ ಈ ನೀರು ಪಶ್ಚಿಮಕ್ಕೆ ತಿರುಗಿ, ಸುಮಾರು 128 ಕಿಲೋಮೀಟರು ಹರಿದು ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ನಡುವೆ ಒಂದು ಗುಡ್ಡದ ಏಣು ಅಷ್ಟೆ. ಗುಡ್ಡದ ಆ ಮಗ್ಗುಲಿಗೆ ಬಿದ್ದ ಕವರಿಗೆ ಒಂದು ಸಮುದ್ರ, ಈ ಮಗ್ಗುಲಿಗೆ ಬಿದ್ದದ್ದಕ್ಕೆ ಇನ್ನೊಂದು.

ರಾತ್ರಿ ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಹತ್ತಿರ ಪರಿಚಯದವರ ಮನೆ. ಒಂಟಿ ಮನೆ, ಸುತ್ತ ಅಡಿಕೆ ತೋಟ. ಕಳಲೆ ಪಲ್ಯ, ಅಕ್ಕಿ ರೊಟ್ಟಿ, ಬ್ರಾಹ್ಮೀ ತಂಬುಳಿ. ಊಟ ಆದ ಮೇಲೆ ಮಾತು ಮತ್ತೆ ಕವರಿಗೇ ಬಂತು. ಯಜಮಾನರು ನಮ್ಮ ಕತೆ ಕೇಳಿ ಎದ್ದು, ಕೊಟ್ಟಿಗೆಯಿಂದ ಒಂದು ಚೀಲ ತಂದು ತೋರಿಸಿದರು. ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಗಳು. ಮಳೆಗೆ ಕೊಳೆ ರೋಗ ಬರಬಾರದು ಅಂತ ಕೊನೆಗೆ ಕೊಟ್ಟೆ ಕಟ್ಟುವುದು ಹಳೇ ಪದ್ಧತಿ. ಮುಂಚೆ ಕರಡದ ಹುಲ್ಲಿನಲ್ಲಿ ಹೆಣೆಯುತ್ತಿದ್ದರು. ಈಗ ಹೆಣೆಯುವವರಿಲ್ಲ. "ನೂರು ಕಟ್ಟಿದ್ರೆ ಎಂಬತ್ತು ವಾಪಸ್ ಸಿಗ್ತಾವೆ. ಇಪ್ಪತ್ತು ಗಾಳಿಗೆ ಹರಿದು ತೋಟದ ಕಪ್ಪಿಗೆ, ಅದೇ ಬಸಿಗಾಲುವೆಗೆ, ಬೀಳ್ತಾವೆ. ಕಪ್ಪಿಂದ ಹಳ್ಳಕ್ಕೆ, ಹಳ್ಳದಿಂದ ಶರಾವತಿಗೆ. ಸುಳ್ಳು ಯಾಕೆ ಹೇಳ್ಲಿ."

ಪಂಚಾಯ್ತಿಯ ಸ್ವಚ್ಛ ವಾಹಿನಿ ಗಾಡಿ ಬರುವುದಿಲ್ಲವಾ ಎಂದೆ. ಟಾರ್ ರಸ್ತೆ ತನಕ ಬರುತ್ತದೆ. ಅಲ್ಲಿಂದ ಈ ಮನೆಗೆ ಒಂದೂವರೆ ಕಿಲೋಮೀಟರು ಮಣ್ಣು ದಾರಿ, ಮಧ್ಯ ಕಾಲುಸಂಕ. ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ. ಎಲ್ಲರ ಅಂಗಳಕ್ಕೂ ಗಾಡಿ ಹೋಗುವುದು ಆಗದ ಮಾತು. ಹಾಗಾಗಿ ಬೇಸಿಗೆಯಲ್ಲಿ ಕೂಡಿಟ್ಟು ಕೊಡುತ್ತಾರೆ. ಮಳೆಗಾಲದಲ್ಲಿ ಅರ್ಧ ಬಚ್ಚಲ ಒಲೆಗೆ. "ಬೆಂಕಿ ಹೊತ್ತಲ್ಲ ಅಂದ್ರೆ ಒಂದು ಕವರ್ ಹಾಕದು" ಎಂದು ಮನೆಯ ಅಮ್ಮ ಸಂಕೋಚದಿಂದ ನಕ್ಕರು. ನಮ್ಮ ಅಜ್ಜಿ ಮನೆಯಲ್ಲೂ ಇದೇ ನಡೆಯುತ್ತಿತ್ತು. ಆ ಹೊಗೆಯ ವಾಸನೆ ನನಗೆ ಈಗಲೂ ಬಿಸಿನೀರಿನ ವಾಸನೆಯ ಹಾಗೇ ನೆನಪು.

ಮಲಗುವ ಮುಂಚೆ ಭಾವ ಬಚ್ಚಲಲ್ಲಿ ಬಕೆಟ್ ತುಂಬಿಸಿ ಗುಜರಿಯವರ ಪರೀಕ್ಷೆ ಮಾಡಿ ತೋರಿಸಿದರು. ಮಾಲು ಯಾವ ಜಾತಿ ಅಂತ ಗೊತ್ತಾಗದಿದ್ದರೆ ಒಂದು ಚೂರು ಕತ್ತರಿಸಿ ನೀರಿಗೆ ಹಾಕುವುದು. ಹಾಲಿನ ಕವರಿನ ತುಂಡು ತೇಲಿತು. ಕೊಟ್ಟೆಯ ತುಂಡು ತೇಲಿತು. ನೀರಿನ ಬಾಟಲಿಯ ತುಂಡು ನೇರ ತಳಕ್ಕೆ. ಅದೇ ಬಾಟಲಿಯ ಮುಚ್ಚಳ ಮಾತ್ರ ಮೇಲೆ. "ಬಾಟಲಿ ಒಂದು ಜಾತಿ, ಮುಚ್ಚಳ ಇನ್ನೊಂದು ಜಾತಿ" ಎಂದರು. ಮುಚ್ಚಳ ಹಾಕಿ ಎಸೆದ ಬಾಟಲಿ ಗಾಳಿ ತುಂಬಿಕೊಂಡು ಊರೆಲ್ಲ ಸುತ್ತುತ್ತದೆ. ಮುಚ್ಚಳ ತೆಗೆದದ್ದು ನೀರು ಕುಡಿದು ಮುಂದಿನ ತಿರುವಿನಲ್ಲೇ ಮುಳುಗುತ್ತದೆ. ಮನೆಯ ಮೊಮ್ಮಗಳು ತನ್ನ ಹೇರ್‌ಕ್ಲಿಪ್ಪು, ಸಾಬೂನು ಡಬ್ಬಿ, ಕೊನೆಗೆ ತಾತನ ಕನ್ನಡಕದ ಪೆಟ್ಟಿಗೆ ಎಲ್ಲ ತಂದು ಹಾಕಿ ನೋಡಿದಳು.

ಮೂರನೇ ದಿನ: ಸಾಗರ, ಜೋಗ

ಬೆಳಿಗ್ಗೆ ವೈಪರ್ ಕೈಕೊಟ್ಟಿತು. ಹೊಸನಗರದ ತನಕ ನಾನು ಕಿಟಕಿಯಿಂದ ಕೈ ಹಾಕಿ ಒರೆಸುತ್ತಾ ಬಂದೆ. ಮೆಕ್ಯಾನಿಕ್ ಒಂದು ವೈರು ಅಲ್ಲಾಡಿಸಿದ, ಸರಿಹೋಯಿತು. ದುಡ್ಡು ಬೇಡ ಅಂದ.

ಸಾಗರದಲ್ಲಿ ತೊಡೆದೇವು ತೆಗೆದುಕೊಂಡೆವು. ಕಬ್ಬಿನ ಹಾಲಿನಲ್ಲಿ ಮಾಡಿದ, ಕಾಗದದಷ್ಟು ತೆಳು ಸಿಹಿ. ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಇಲ್ಲದಿದ್ದರೆ ಪುಡಿಯಾಗುತ್ತದೆ, ಅದೂ ನಿಜ. ಡಬ್ಬಿಯನ್ನು ಮನೆಗೆ ತಂದೆ, ಈಗ ಅದರಲ್ಲಿ ಸಾಸಿವೆ ಇದೆ.

ಊಟಕ್ಕೆ ಮುಂಚೆ ಲಿಂಗನಮಕ್ಕಿಯ ಹಿನ್ನೀರಿನ ಒಂದು ದಡಕ್ಕೆ ಇಳಿದೆವು. 1964ರಲ್ಲಿ ಆದ ಡ್ಯಾಮು. ನೀರು ತುಂಬಿತ್ತು, ಕಡಲಿನ ಹಾಗೆ. ಒಂದು ಮೂಲೆಯಲ್ಲಿ ಗಾಳಿ ತಂದು ಕೂಡಿಸಿದ ಕಸದ ಪಟ್ಟಿ. ನಾನು ಒಂದು ಹಳೇ ಹಾಲಿನ ಕವರ್ ಎತ್ತಿಕೊಳ್ಳಲು ಹೋದೆ. ಹಿಡಿದ ಕೂಡಲೇ ಹಪ್ಪಳದ ಹಾಗೆ ಪುಡಿಯಾಯಿತು. ಬೆರಳ ಮೇಲೆ ಬಿಳಿ ಚೂರು, ಉಗುರಿನಷ್ಟು ಕೆಲವು, ಎಳ್ಳಿನಷ್ಟು ಕೆಲವು. ಬೇಸಿಗೆಯ ಬಿಸಿಲು ಇದನ್ನು ಹಾಗೆ ಮಾಡುತ್ತದೆ. ಕೊಳೆಯುವುದಲ್ಲ, ಒಡೆಯುವುದು. 5 ಮಿಲಿಮೀಟರಿಗಿಂತ ಸಣ್ಣ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ದೊಡ್ಡ ಕವರನ್ನು ಭಾವ ಛತ್ರಿಯ ಕೊಕ್ಕೆಯಲ್ಲಿ ಎಳೆದಾರು, ಈ ಎಳ್ಳನ್ನು ಯಾರು ಆರಿಸುತ್ತಾರೆ? ಕೈ ತೊಳೆದುಕೊಂಡೆ. ತೊಳೆದದ್ದೂ ಅದೇ ನೀರಿಗೆ ಹೋಯಿತು, ಅಲ್ವಾ?

ಡ್ಯಾಮು ಒಂದು ಲೆಕ್ಕದಲ್ಲಿ ದೊಡ್ಡ ಸೋಸು ಬಟ್ಟೆ. ಮುಳುಗುವುದು ಹೂಳಿನ ಜೊತೆ ತಳ ಸೇರುತ್ತದೆ, ತೇಲುವುದು ಮೂಲೆ ಹಿಡಿಯುತ್ತದೆ, ಸ್ವಲ್ಪ ಮಾತ್ರ ಮುಂದೆ ಹೋಗುತ್ತದೆ. ಎಸೆದದ್ದೆಲ್ಲ ಸಮುದ್ರಕ್ಕೇ ಹೋಗುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಹೆಚ್ಚಿನದು ದಾರಿಯಲ್ಲೇ, ನಮ್ಮ ಪೊದೆ, ನಮ್ಮ ಕೆಸರು, ನಮ್ಮ ಡ್ಯಾಮಿನಲ್ಲೇ ಉಳಿಯುತ್ತದೆ.

ಜೋಗಕ್ಕೆ ಬಂದಾಗ ನಾಲ್ಕು ಗಂಟೆ. ಎದುರಿಗೆ ಬರೀ ಮಂಜು. 830 ಅಡಿಯಿಂದ ಬೀಳುವ ಸದ್ದು ಕೇಳುತ್ತಿದೆ, ಕಾಣುವುದಿಲ್ಲ. ಕಾಯಬೇಕು, ಹೊರಟುಬಿಡಬೇಡಿ. ಇಪ್ಪತ್ತು ನಿಮಿಷಕ್ಕೆ ಪರದೆ ಸರಿಯಿತು. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಒಟ್ಟಿಗೆ. ಜನ ಹೋ ಎಂದು ಕೂಗಿದರು. ಆ ಗಲಾಟೆಯಲ್ಲಿ ಒಂದು ಮಂಗ ನನ್ನ ಪಕ್ಕದ ಹುಡುಗಿಯ ಕೈಯಿಂದ ಚಿಪ್ಸ್ ಕಿತ್ತುಕೊಂಡು ಕಟ್ಟೆಯ ಆಚೆ ಕೂತಿತು. ಹಲ್ಲಿನಿಂದ ಹರಿದು, ತಿಂದು, ಪ್ಯಾಕೆಟ್ ಕಣಿವೆಗೆ ಬಿಟ್ಟಿತು. ಪ್ಯಾಕೆಟ್ ಕೆಳಗೆ ಹೋಗಲಿಲ್ಲ! ಕಣಿವೆಯ ಗಾಳಿ ಅದನ್ನು ಮೇಲಕ್ಕೆ ಎತ್ತಿತು. ಬೆಳ್ಳಿ ಬಣ್ಣದ ಒಳಮೈ ಮಿಂಚಿಸುತ್ತಾ ನಮ್ಮ ತಲೆಯ ಮೇಲೆ ಎರಡು ಸುತ್ತು ಹಾರಿ, ಆಮೇಲೆ ಮಂಜಿನಲ್ಲಿ ಕರಗಿತು.

ಗೋಣಿಚೀಲ ಹಿಡಿದು ಕಸ ಆರಿಸುತ್ತಿದ್ದ ಹೆಂಗಸು ಇದನ್ನು ನೋಡುತ್ತಾ ನಿಂತಿದ್ದರು. ಭಾವ ವ್ಯಾಪಾರದ ಭಾಷೆಯಲ್ಲೇ ಮಾತು ತೆಗೆದರು. "ಬಾಟ್ಲಿ ಎಲ್ಲ ಹೋಗುತ್ತಾ ಅಕ್ಕ?" "ಬಾಟ್ಲಿಗೆ ಕಾಸಿದೆ, ಅದಕ್ಕೆ ನಾನಿಲ್ದಿದ್ರೂ ಯಾರಾದ್ರೂ ಆರಿಸ್ತಾರೆ. ಇದನ್ನ ಯಾರು ಮುಟ್ತಾರೆ?" ಎಂದು ಚಿಪ್ಸ್ ಪ್ಯಾಕೆಟ್ಟಿನ ಕಂತೆ ತೋರಿಸಿದರು.

ಭಾವ ಗಾಡಿಯಲ್ಲಿ ಇದನ್ನೇ ಬಿಡಿಸಿ ಹೇಳಿದರು. ಬಾಟಲಿ, ಹಾಲಿನ ಕವರ್, ಬಕೆಟ್, ಚೇರು ಇವು ಒಂದೊಂದೂ ಯಾವುದಾದರೂ ಒಂದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಆದದ್ದು, ಕರಗಿಸಿದರೆ ಮತ್ತೆ ಕಾಳಾಗುತ್ತದೆ, ಬೆಲೆ ಇದೆ. ಚಿಪ್ಸ್, ಬಿಸ್ಕತ್ತು, ಗುಟ್ಕಾದ ಪ್ಯಾಕೆಟ್ಟು ಹಾಗಲ್ಲ. ಎರಡು ಮೂರು ಪದರ ಬೇರೆ ಬೇರೆ, ನಡುವೆ ಬೆಳ್ಳಿಯ ಹಾಗೆ ಹೊಳೆಯುವ ಅಲ್ಯೂಮಿನಿಯಂ ಲೇಪ. ಬಿಡಿಸಲು ಬರುವುದಿಲ್ಲ. ತೂಕವೂ ಇಲ್ಲ. ದಿನವಿಡೀ ಆರಿಸಿದರೂ ಒಂದು ಕೆಜಿ ಆಗುವುದು ಕಷ್ಟ. "ನಮ್ಮ ಅಂಗಡಿಗೆ ಬರದೇ ಇರೋದೇ ಹೊಳೆಗೆ ಹೋಗೋದು" ಎಂದರು.

ನಾಲ್ಕನೇ ದಿನ: ಘಟ್ಟ ಇಳಿದು ಹೊನ್ನಾವರ

ಗೇರುಸೊಪ್ಪೆ ಘಟ್ಟದಲ್ಲಿ ಮಳೆ, ಮಂಜು, ತಿರುವಿಗೊಂದು ಅಬ್ಬಿ. ಸಿಂಗಳೀಕ ಕಂಡರೂ ಕಾಣಬಹುದು ಅಂತ ಎರಡು ಕಡೆ ನಿಲ್ಲಿಸಿದೆವು. ಕಾಣಲಿಲ್ಲ. ಅಬ್ಬಿ ಚೆನ್ನಾಗಿರುವ ತಿರುವಿನಲ್ಲೆಲ್ಲ ಗಾಡಿ ನಿಲ್ಲಿಸಲು ಜಾಗ ಇರುತ್ತದೆ, ಜಾಗ ಇರುವಲ್ಲೆಲ್ಲ ಊಟದ ತಟ್ಟೆ, ಲೋಟ ಇರುತ್ತವೆ. ಒಂದು ಮೋರಿಯ ಬಾಯಲ್ಲಿ ಇಣುಕಿ ನೋಡಿದೆ. ರಸ್ತೆಯ ಕಸ ಅಲ್ಲಿಂದ ಅಬ್ಬಿಗೆ, ಅಬ್ಬಿಯಿಂದ ಶರಾವತಿಗೆ. ಗೇರುಸೊಪ್ಪೆ ಡ್ಯಾಮಿನ ಕೆಳಗೆ ಬಿದ್ದರೆ ಮಧ್ಯ ಇನ್ನು ಯಾವ ಡ್ಯಾಮೂ ಇಲ್ಲ.

2021ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದನ್ನು ಹಿಂದೆ ಓದಿದ್ದೆ. ಹೊಳೆಗಳಿಂದ ಸಮುದ್ರಕ್ಕೆ ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಪ್ಲಾಸ್ಟಿಕ್ ಹೋಗುತ್ತದೆ, ಅದರಲ್ಲಿ ನೂರಕ್ಕೆ 80 ಪಾಲು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ ಎನ್ನುತ್ತದೆ ಅದು. ಹತ್ತು ದೊಡ್ಡ ನದಿಗಳದೇ ತಪ್ಪು ಎನ್ನುವ ಹಳೇ ಲೆಕ್ಕವನ್ನು ಬದಲಿಸಿದ್ದು ಇದೇ. ನದಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಕಸ ಬಿದ್ದ ಜಾಗ ಹೊಳೆಗೆ ಎಷ್ಟು ಹತ್ತಿರ, ಸಮುದ್ರಕ್ಕೆ ಎಷ್ಟು ಹತ್ತಿರ, ಎಷ್ಟು ಮಳೆ, ಎಷ್ಟು ಇಳಿಜಾರು ಅನ್ನುವುದು ಮುಖ್ಯ. ಓದುವಾಗ ಇದು ಎಲ್ಲಿಯದೋ ಮಾತು ಅನಿಸಿತ್ತು. ಘಟ್ಟದ ಮೋರಿಯ ಮುಂದೆ ಛತ್ರಿ ಹಿಡಿದು ನಿಂತಾಗ ಹಾಗೆ ಅನಿಸಲಿಲ್ಲ.

ಹೊನ್ನಾವರದಲ್ಲಿ ಬಿಸಿಲು. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡು ಕಾಸರಕೋಡಿಗೆ ಹೋದೆವು. 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕ ಕಡಲತೀರ, ಚೊಕ್ಕಟ. ಆದರೆ ಭಾವನಿಗೆ ಚೊಕ್ಕಟ ಜಾಗದಲ್ಲಿ ಕೆಲಸವಿಲ್ಲ. ದೋಣಿಗಳು ನಿಲ್ಲುವ ಕಡೆ ನಡೆದರು. ಅಲ್ಲಿ ಒಬ್ಬರು ಬಲೆ ಬಿಡಿಸುತ್ತಾ ಕೂತಿದ್ದರು. ಘಟ್ಟದ ಮೇಲಿನವರು ಎಂದು ತಿಳಿದ ಕೂಡಲೇ, "ಹಾಗಾದ್ರೆ ನಿಮ್ಮ ಸಾಮಾನು ಇಲ್ಲುಂಟು, ತಕಂಡು ಹೋಗಿ" ಎಂದು ಬಲೆಯಿಂದ ಕಿತ್ತ ಕವರುಗಳ ರಾಶಿ ತೋರಿಸಿ ನಕ್ಕರು.

ಜುಲೈ ಕೊನೆಗೆ ಮೀನುಗಾರಿಕೆ ನಿಷೇಧ ಮುಗಿದು ಮೊದಲ ಬಲೆ ಬಿಟ್ಟಾಗ ಕಸವೇ ಜಾಸ್ತಿಯಂತೆ. ಹೊಳೆಬಾಯಿಯ ಹತ್ತಿರ ಇನ್ನೂ ಜಾಸ್ತಿ. ಇಳಿತಕ್ಕೆ ಹೊರಗೆ ಹೋಗುತ್ತದೆ, ಉಬ್ಬರಕ್ಕೆ ಒಳಗೆ ಬರುತ್ತದೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿಗೆ ಸಿಕ್ಕಿ ಕೂರುತ್ತದೆ. "ಎಲ್ಲ ನಿಮ್ದೇ ಅಂತಲೂ ಹೇಳುಕಾಗ. ಹರಿದ ಬಲೆ ನಮ್ದೇ" ಎಂದು ನೀಲಿ ನೈಲಾನ್ ಮುದ್ದೆಯೊಂದನ್ನು ಪಕ್ಕಕ್ಕೆ ಎಸೆದರು.

ಅಲೆ ಬಂದು ನಿಂತ ಗೆರೆಯುದ್ದಕ್ಕೂ ಕಪ್ಪು ಕಡ್ಡಿ, ತೆಂಗಿನ ಚಿಪ್ಪು, ಅದರ ನಡುವೆ ಮುಚ್ಚಳಗಳು. ನೀಲಿ, ಬಿಳಿ, ಕೆಂಪು. ಐವತ್ತು ಹೆಜ್ಜೆಗೆ ನಾನು ಎಣಿಸಿದ್ದು ಮೂವತ್ತೇಳು ಮುಚ್ಚಳ, ನಾಲ್ಕು ಬಾಟಲಿ. ನಾಲ್ಕಕ್ಕೂ ಮುಚ್ಚಳ ಭದ್ರವಾಗಿತ್ತು. ಬಚ್ಚಲ ಬಕೆಟ್ಟಿನಲ್ಲಿ ನೋಡಿದ್ದೇ ಇಲ್ಲೂ. ಭಾವ ಮುಚ್ಚಳಗಳನ್ನು ಆರಿಸಿ ಟವೆಲ್ಲಿನಲ್ಲಿ ಕಟ್ಟಿಕೊಂಡರು. ಸೇವೆ ಅಂತ ಅಲ್ಲ, ಅದಕ್ಕೆ ಬೆಲೆ ಇದೆ.

ರಾತ್ರಿ ಹನ್ನೊಂದಕ್ಕೆ ಮನೆ. ಬಾಗಿಲು ತೆಗೆದ ಹೆಂಡತಿ ಚೀಲ ಇಳಿಸಿಕೊಂಡು, "ರೀ, ಆ ಹಳದಿ ಕವರ್ ಎಲ್ಲಿ? ಚೆನ್ನಾಗಿತ್ತು, ಬೇಕಿತ್ತು" ಎಂದಳು. ಗಾಳಿಗೆ ಹೋಯಿತು ಎಂದೆ. ಅವಳು ಏನೂ ಹೇಳದೆ ಅಡುಗೆ ಮನೆಗೆ ಹೋಗಿ, ಮೇಲಿನ ಹಲಗೆಯಿಂದ ಸ್ಟೀಲ್ ಡಬ್ಬಿ ತೆಗೆದು ಸದ್ದಾಗುವ ಹಾಗೆ ಕಟ್ಟೆಯ ಮೇಲಿಟ್ಟಳು.

ಮುಂದಿನ ಭಾನುವಾರ ಭಾವ ಗಾಜನೂರಿನ ಕಡೆ ಯಾವುದೋ ಮಾಲಿಗೆ ಹೋಗಿದ್ದರು. ಡ್ಯಾಮಿನ ಹಿನ್ನೀರಿನ ದಡದಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಲಕ್ಕಿ ಪೊದೆ, ಅದರಲ್ಲಿ ಸಿಕ್ಕಿಕೊಂಡ ಒಂದು ಹಳದಿ ಕವರು. ಕೆಳಗೆ 'ಸಿಕ್ತು' ಅಂತ ಬರೆದಿದ್ದರು. ಹೆಂಡತಿ ಫೋನು ಕಸಿದುಕೊಂಡು ಫೋಟೋ ದೊಡ್ಡದು ಮಾಡಿ ನೋಡಿದಳು.

"ಇದು ನಮ್ದಲ್ಲ. ನಮ್ದರ ಮೇಲೆ ಕೆಂಪು ಅಕ್ಷರ ಇತ್ತು."